ಮಂಡಕ್ಕಿ ತಿನ್ನುವಷ್ಟು ದೂರ

ದಾವಣಗೆರೆಯ ಕುಂದವಾಡ ಕೆರೆಯ ಬಳಿ ಒಂದು ಭಾನುವಾರ ಬೆಳಗ್ಗೆ, ನಡಿಗೆ ಮುಗಿಸಿ ಕುಳಿತವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಬಾಯಿಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ನೀವೆಲ್ಲ ಕೆರೆ ಏರಿಯ ಮೇಲೆ ನಡೆದು ದಣಿದು ಬಂದಿದ್ದೀರಿ. ಕೆಲವರ ಮನಸ್ಸು ಆಗಲೇ ಬೆಣ್ಣೆ ದೋಸೆಯ ಕಾವಲಿಯ ಮುಂದೆ ನಿಂತಿದೆ ಎಂಬುದು ಮುಖದಲ್ಲೇ ಕಾಣುತ್ತಿದೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳಿಗೆ ಹಸಿದ ತರಗತಿ ಹೊಸದಲ್ಲ. ಊಟದ ಬೆಲ್ಲಿಗೆ ಮುಂಚಿನ ಪೀರಿಯಡ್ಡು ಯಾವಾಗಲೂ ನನ್ನ ಪಾಲಿಗೇ ಬರುತ್ತಿತ್ತು.

ಕರೆದವರು 'ನಾಯಿ ತರಬೇತಿಯ ಬಗ್ಗೆ ಮಾತನಾಡಿ ಮೇಡಂ' ಎಂದರು. ಆ ವಿದ್ಯೆಯಲ್ಲಿ ನನಗೆ ಪದವಿಯಿಲ್ಲ, ಪ್ರಮಾಣಪತ್ರವಿಲ್ಲ. ಇರುವುದು ಒಂದೇ ನಾಯಿ, ಎರಡು ವರ್ಷ ನಾಲ್ಕು ತಿಂಗಳ ಒಡನಾಟ, ಲೆಕ್ಕ ಬರೆದಿಟ್ಟ ಐದು ನೋಟ್‌ಬುಕ್‌ಗಳು ಮತ್ತು ಎಡಗೈಯ ಮೇಲಿನ ಈ ಗುರುತು. ಗುರುತು ನಾಯಿಯ ಹಲ್ಲಿನದು, ತಪ್ಪು ನನ್ನದು. ಆ ಕಥೆಗೆ ಆಮೇಲೆ ಬರುತ್ತೇನೆ.

ಮಾತು ಶುರುವಾಗುವ ಮುಂಚೆಯೇ ಮುಂದಿನ ಸಾಲಿನ ಹಿರಿಯರೊಬ್ಬರು ನನ್ನ ಕಾಲೆಳೆದರು. "ನಮ್ಮ ಜಿಲ್ಲೆಯ ಪೊಲೀಸ್ ನಾಯಿ ತುಂಗಾ ಕೊಲೆ ಆರೋಪಿಯ ಜಾಡು ಹಿಡಿದು 12 ಕಿಲೋಮೀಟರ್ ಓಡಿತು. ನಿಮ್ಮದು ಗೇಟು ದಾಟಿ 12 ಹೆಜ್ಜೆ ಬರುವುದಿಲ್ಲವಂತಲ್ಲಮ್ಮ?" ಸತ್ಯವೇ. 2020ರ ಆ ಓಟ ದಾವಣಗೆರೆಯವರಿಗೆಲ್ಲ ನೆನಪಿದೆ. ಆದರೆ ತುಂಗಾ ಡಾಬರ್‌ಮನ್ ತಳಿಯದು, ಪಳಗಿದವರ ಕೈಯಲ್ಲಿ ತರಬೇತಿ ಪಡೆದದ್ದು. ಅದಕ್ಕೆ ಮನುಷ್ಯರೆಂದರೆ ಕೆಲಸ ಕೊಡುವವರು, ಬೆನ್ನು ಸವರಿ ಶಹಬ್ಬಾಸ್ ಎನ್ನುವವರು. ನನ್ನ ಸೋಮಿಗೆ ಮನುಷ್ಯರೆಂದರೆ ಕಲ್ಲು, ಕೋಲು, ಗಾಲಿ. ತುಂಗಾಗೆ ಕಲಿಸಿದ್ದು ಹೊಸ ಪಾಠ. ಸೋಮಿ ಆಗಲೇ ಒಂದು ಪಾಠವನ್ನು ಚೆನ್ನಾಗಿ ಕಲಿತು ಬಂದಿತ್ತು.

ಸೋಮಿ ಸಿಕ್ಕಿದ್ದು ಬಾತಿ ಕಡೆಯ ಹೆದ್ದಾರಿಯ ಅಂಚಿನಲ್ಲಿ. ಯಾವುದೋ ವಾಹನ ತಾಗಿಸಿಕೊಂಡು ಹೋಗಿತ್ತು. ಬಲ ಹಿಂಗಾಲು ಮುರಿದಿತ್ತು. ಗಾಯಗೊಂಡ ಬೀದಿಪ್ರಾಣಿಗಳನ್ನು ಎತ್ತಿ ತಂದು ಉಪಚರಿಸುವ ನಾಲ್ಕಾರು ಹುಡುಗರು ನಮ್ಮೂರಿನಲ್ಲಿದ್ದಾರೆ. ಹಗಲು ಗ್ಯಾರೇಜು, ಮೊಬೈಲ್ ಅಂಗಡಿ, ಕಾಲೇಜು. ರಾತ್ರಿ ಈ ಕೆಲಸ. ಅವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಬೀಜಗಣಿತದಲ್ಲಿ ಯಾವತ್ತೂ ಮೂವತ್ತೈದು ದಾಟದವನು, ಆ ನಾಯಿಯನ್ನು ಗೋಣಿತಟ್ಟಿನ ಮೇಲೆ ಅಲುಗಾಡದಂತೆ ಮಲಗಿಸಿ ಪಶು ಆಸ್ಪತ್ರೆಗೆ ಒಯ್ದ ನಾಜೂಕನ್ನು ನೋಡಿದವರ ಬಾಯಿಂದ ಕೇಳಿದ ಮೇಲೆ, ಅವನಿಗೆ ಕೊಟ್ಟ ಅಂಕಗಳ ಬಗ್ಗೆ ನನಗೆ ಸ್ವಲ್ಪ ಮುಜುಗರವಾಯಿತು.

ಕಾಲು ಕೂಡಿಕೊಂಡಿತು, ಕುಂಟು ಉಳಿಯಿತು. ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು, ರೇಬೀಸ್ ಲಸಿಕೆಯಾಯಿತು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಯನ್ನು ಇಷ್ಟೆಲ್ಲ ಮಾಡಿಸಿ ಹಿಡಿದ ಜಾಗಕ್ಕೇ ಮರಳಿ ಬಿಡುವುದು ಪದ್ಧತಿ. ಆದರೆ ಹಿಡಿದ ಜಾಗ ಹೆದ್ದಾರಿ, ನಾಯಿ ಕುಂಟು. ಆ ಹುಡುಗ ನನಗೆ ಫೋನ್ ಮಾಡಿ, "ಮಿಸ್, ಒಂದು ವಾರ ಮಾತ್ರ ಇಟ್ಟುಕೊಳ್ಳಿ" ಎಂದ. ಈ 'ಒಂದು ವಾರ ಮಾತ್ರ' ಎಂಬುದು ಅವರ ಬಳಗದ ಮಂತ್ರವೆಂದು ಆಮೇಲೆ ತಿಳಿಯಿತು. ಬಂದದ್ದು ಸೋಮವಾರ, ಹೆಸರು ಸೋಮಿ. ಹಳ್ಳಿಯಲ್ಲಿ ಕರುವಿಗೆ ಹೆಸರಿಡುವುದೂ ಹೀಗೆಯೇ. ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನೊಂದು ಮಾತು: ಮನೆಯಲ್ಲಿ ನಾವು 'ಅವಳು' ಎನ್ನುತ್ತೇವೆ. ವೇದಿಕೆಯ ಮೇಲೆ ವ್ಯಾಕರಣ ಕೆಡಬಾರದೆಂದು 'ಅದು' ಎನ್ನುತ್ತಿದ್ದೇನೆ.

ನಾಯಿಮರಿಗೆ ಲೋಕದ ಪರಿಚಯವಾಗುವುದಕ್ಕೆ ಒಂದು ಹದವಾದ ಕಾಲವಿದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಸಾಕಿ ನೋಡಿ 1965ರಲ್ಲಿ ಇದನ್ನು ವಿವರವಾಗಿ ಬರೆದರು. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿ ಏನನ್ನು ನೋಡುತ್ತದೆಯೋ, ಯಾರ ಕೈ ಮೂಸುತ್ತದೆಯೋ ಅದೆಲ್ಲ 'ನಮ್ಮದು' ಎಂದಾಗುತ್ತದೆ. ಆ ಬಾಗಿಲು ಮುಚ್ಚಿದ ಮೇಲೆ ಬಂದದ್ದೆಲ್ಲ 'ಏನೋ, ಎಂತೋ'. ಸೋಮಿ ನಮ್ಮಲ್ಲಿಗೆ ಬಂದಾಗ ಅದಕ್ಕೆ ಎರಡು ವರ್ಷವಿರಬಹುದು ಎಂದು ಪಶುವೈದ್ಯರು ಹಲ್ಲು ನೋಡಿ ಹೇಳಿದರು. ಬಾಗಿಲು ಮುಚ್ಚಿ ಬಹಳ ಕಾಲವಾಗಿತ್ತು. ಕಿಟಕಿಯಿಂದಲೇ ಮಾತನಾಡಿಸಬೇಕು.

ಮೊದಲ ನಾಲ್ಕು ದಿನ ಸೋಮಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಸಂದಿಯಿಂದ ಹೊರಗೆ ಬರಲಿಲ್ಲ. ನಾವಿದ್ದಾಗ ನೀರನ್ನೂ ಮುಟ್ಟಲಿಲ್ಲ. ರಾತ್ರಿ ಇಟ್ಟ ಹಾಲನ್ನದ ತಟ್ಟೆ ಬೆಳಗ್ಗೆ ಖಾಲಿ. ಇಂಥ ನಾಯಿಗಳಿಗೆ 'ಮೂರು ದಿನ, ಮೂರು ವಾರ, ಮೂರು ತಿಂಗಳು' ಎಂಬ ಸೂತ್ರವೊಂದು ಎಲ್ಲೆಡೆ ಓಡಾಡುತ್ತದೆ. ಮೂರು ದಿನಕ್ಕೆ ಗಾಬರಿ ಇಳಿಯುತ್ತದೆ, ಮೂರು ವಾರಕ್ಕೆ ಮನೆಯ ರೀತಿ ತಿಳಿಯುತ್ತದೆ, ಮೂರು ತಿಂಗಳಿಗೆ ನಿಮ್ಮದಾಗುತ್ತದೆ ಎಂದು. ಗಣಿತದವಳಾಗಿ ಹೇಳುತ್ತೇನೆ, ಇಷ್ಟು ಅಂದವಾಗಿ ಕೂತ ಸಂಖ್ಯೆಗಳನ್ನು ಕಂಡರೆ ನನಗೆ ಅನುಮಾನ. ನಮ್ಮಲ್ಲಿ ಗಾಬರಿ ಇಳಿಯಲು ಹನ್ನೊಂದು ದಿನ ಬೇಕಾಯಿತು. ಮೂರು ವಾರಕ್ಕೆ ಅದು ಇನ್ನೂ ಕಸಬರಿಗೆಗೆ ಹೆದರಿ ಉಚ್ಚೆ ಮಾಡಿಕೊಳ್ಳುತ್ತಿತ್ತು. ಸೂತ್ರ ನಂಬಿದವರು ತೊಂಬತ್ತೊಂದನೆಯ ದಿನ ನಾಯಿಯನ್ನು ವಾಪಸ್ ತಂದುಬಿಡುತ್ತಾರೆ ಎಂದು ಆ ಹುಡುಗರು ಹೇಳುತ್ತಾರೆ.

ಕಸಬರಿಗೆಯ ಮಾತು ಬಂತು, ಅದನ್ನೇ ಬಿಡಿಸಿ ಹೇಳುತ್ತೇನೆ. ನಾನು ಹೇಳಬೇಕಾದದ್ದೆಲ್ಲ ಅದರೊಳಗೇ ಇದೆ.

ಐದನೆಯ ದಿನ ಬೆಳಗ್ಗೆ ನಾನು ಎಂದಿನಂತೆ ಹಿತ್ತಲ ಬಾಗಿಲಿಗೆ ಬಂದು ಕಸಬರಿಗೆ ಎತ್ತಿದೆ. ಹೊಡೆಯುವುದಕ್ಕಲ್ಲ, ಗುಡಿಸುವುದಕ್ಕೆ. ಸೋಮಿ ಕಲ್ಲಿನ ಸಂದಿಯಲ್ಲೇ ಚಪ್ಪಟೆಯಾಯಿತು. ಕಿವಿ ತಲೆಗೆ ಅಂಟಿಕೊಂಡವು, ಕಣ್ಣಿನ ಬಿಳಿಭಾಗ ಅರ್ಧಚಂದ್ರದ ಹಾಗೆ ಕಂಡಿತು, ಬಾಲ ಹೊಟ್ಟೆಯಡಿಗೆ ಹೋಯಿತು, ಕೆಳಗೆ ಒದ್ದೆ. ಸದ್ದಿಲ್ಲ. ಸದ್ದಿಲ್ಲದ್ದೇ ನನ್ನನ್ನು ಅಲುಗಿಸಿದ್ದು. ತರಗತಿಯಲ್ಲಿ ಕೆಲವು ಮಕ್ಕಳು ಹೀಗೆಯೇ ಇರುತ್ತಿದ್ದರು. ಡಸ್ಟರ್ ಎತ್ತಿದರೆ ತಲೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಬೋರ್ಡು ಒರೆಸಲು ಎತ್ತಿದ ಡಸ್ಟರ್!

ನಮ್ಮ ಮೈದುನ ನೋಡಿ ನಕ್ಕು, "ನಾಯಿ ಬಾಲ ಎಂದಿದ್ದರೂ ಡೊಂಕು ಅತ್ತಿಗೆ, ನಳಿಗೆಯಲ್ಲಿ ಹಾಕಿದರೂ ನೆಟ್ಟಗಾಗುವುದಿಲ್ಲ" ಎಂದರು. ನನಗೆ ಆ ಗಾದೆ ಅವತ್ತು ತಲೆಕೆಳಗಾಗಿ ಕೇಳಿಸಿತು. ನಮ್ಮ ನಾಡಿನ ಬೀದಿನಾಯಿಗಳನ್ನು ನೋಡಿ, ನೆಮ್ಮದಿಯಾಗಿರುವ ನಾಯಿಯ ಬಾಲ ಬೆನ್ನ ಮೇಲೆ ಸುರುಳಿಯಾಗಿರುತ್ತದೆ. ಹೆದರಿದಾಗಲೇ ಅದು ನೆಟ್ಟಗಾಗಿ ಕಾಲ ಸಂದಿಗೆ ಇಳಿಯುವುದು. ಹಾಗಾದರೆ ನನ್ನ ಕೆಲಸ ಆ ಬಾಲವನ್ನು ಡೊಂಕು ಮಾಡುವುದು.

ಬಿಸ್ಕತ್ತು ಹಾಕಿದೆ, ಮುಟ್ಟಲಿಲ್ಲ. ಮನೆಯಲ್ಲಿ ಮಂಡಕ್ಕಿ ಇತ್ತು. ದಾವಣಗೆರೆಯಲ್ಲಿ ಯಾವ ಮನೆಯಲ್ಲಿ ಇಲ್ಲ? ಭಟ್ಟಿಯಿಂದ ತಂದ, ಒಗ್ಗರಣೆ ಕಾಣದ ಬರೀ ಮಂಡಕ್ಕಿ. ಒಂದು ಹಿಡಿ ತೆಗೆದುಕೊಂಡು ಬಾಗಿಲಿನಿಂದಲೇ ಕಾಳು ಕಾಳಾಗಿ ಎಸೆದೆ. ಕಸಬರಿಗೆ ನನ್ನ ಪಕ್ಕದಲ್ಲಿದ್ದರೆ ತಿನ್ನುವುದಿಲ್ಲ. ಅದನ್ನು ಬಚ್ಚಲಿನ ಗೋಡೆಗೆ ಒರಗಿಸಿ ಬಂದರೆ ತಿನ್ನುತ್ತದೆ. ಗಣಿತದ ತಲೆ ತಕ್ಷಣ ಕೇಳಿತು: ಎಷ್ಟು ದೂರದಲ್ಲಿ? ಹೆಜ್ಜೆ ಹಾಕಿ ಅಳೆದೆ. ಹನ್ನೊಂದು. ಹನ್ನೊಂದು ಹೆಜ್ಜೆಯಾಚೆ ಕಸಬರಿಗೆಯಿದ್ದರೆ ಸೋಮಿ ನಾಯಿ. ಹತ್ತು ಹೆಜ್ಜೆಗೆ ಬಂದರೆ ಕಲ್ಲು.

ಇದಕ್ಕೆ ಕಾರಣ ಸರಳವಾಗಿದೆ. ಹೆದರಿದ ದೇಹ ಓಡುವುದಕ್ಕೆ ಅಣಿಯಾಗುತ್ತದೆ. ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ತನ್ನ ಕೆಲಸ ನಿಲ್ಲಿಸುತ್ತದೆ. ಪರೀಕ್ಷೆಯ ದಿನ ಬೆಳಗ್ಗೆ ಮಗನಿಗೆ ತಿಂಡಿ ಇಳಿಯದಿದ್ದಂತೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ಎಂದರೆ ನಮಗೆಲ್ಲ ಗಂಟೆಯ ಸದ್ದಿಗೇ ಜೊಲ್ಲು ಸುರಿಸಿದ ನಾಯಿ ನೆನಪಾಗುತ್ತದೆ. 1904ರಲ್ಲಿ ಅವರಿಗೆ ನೊಬೆಲ್ ಸಂದದ್ದು ಮಾತ್ರ ಜೀರ್ಣಕ್ರಿಯೆಯ ಅಧ್ಯಯನಕ್ಕೆ. ಹೊಟ್ಟೆಯನ್ನು ಬಗೆದು ನೋಡಿದವರಿಗೇ ಮನಸ್ಸಿನ ದಾರಿ ಕಂಡದ್ದು. ನನ್ನ ಪಾಲಿಗೆ ಮಂಡಕ್ಕಿಯೇ ಥರ್ಮಾಮೀಟರ್ ಆಯಿತು. ತಿಂದರೆ, ಈ ದೂರ ಅದಕ್ಕೆ ತಾಳುತ್ತದೆ. ತಿನ್ನದಿದ್ದರೆ, ನಾನು ಹೆಚ್ಚು ಹತ್ತಿರ ಬಂದಿದ್ದೇನೆ. ಹಿಂದೆ ಸರಿಯಬೇಕಾದದ್ದು ನಾನು.

ನೋಟ್‌ಬುಕ್ಕಿನ ಒಂದು ಪುಟ ಓದುತ್ತೇನೆ. "14ನೆಯ ದಿನ. ಬೆಳಗ್ಗೆ 7.10. ಕಸಬರಿಗೆ ಗೋಡೆಗೆ ಒರಗಿದೆ. 9 ಹೆಜ್ಜೆ. 6 ಕಾಳು ಎಸೆದೆ, 4 ತಿಂದಿತು. ಐದನೆಯದನ್ನು ಮೂಸಿ ಬಿಟ್ಟಿತು. ಪಕ್ಕದ ಮನೆಯ ಕುಕ್ಕರ್ ಕೂಗಿತು. ಮುಗಿಸಿದೆ." ಹೀಗೇ ಪುಟಗಟ್ಟಲೆ. ಒಂಬತ್ತರಿಂದ ಏಳು, ಏಳರಿಂದ ಮತ್ತೆ ಹತ್ತು, ಹತ್ತರಿಂದ ಐದು. ಆಮೇಲೆ ನೆಲದ ಮೇಲೆ ಮಲಗಿಸಿದ ಕಸಬರಿಗೆ. ಆಮೇಲೆ ನನ್ನ ಕೈಯಲ್ಲಿ ಅಲುಗಾಡದ ಕಸಬರಿಗೆ. ಆಮೇಲೆ ಒಂದು ಗೇಣು ಅಲುಗಿದ ಕಸಬರಿಗೆ. ಒಂದು ಸಲ 'ಸರ್' ಎಂದು ಗುಡಿಸಿ ನಿಂತಾಗ ಸೋಮಿ ನನ್ನ ಮುಖ ನೋಡಿತು, 'ಎಲ್ಲಿ ಮಂಡಕ್ಕಿ?' ಎನ್ನುವ ಹಾಗೆ. ಅದಕ್ಕೆ ಏಳು ವಾರ ಹಿಡಿಯಿತು. ಒಂದು ಸರತಿಗೆ ಐದು ನಿಮಿಷ, ದಿನಕ್ಕೆ ಎರಡು ಸರತಿ. ಅದಕ್ಕಿಂತ ಹೆಚ್ಚು ಮಾಡಿದ ದಿನಗಳಲ್ಲೆಲ್ಲ ಹಿಂದಕ್ಕೆ ಹೋಗಿದ್ದೇವೆ.

ಖುಷಿಯಲ್ಲಿ ಅಂಗಳಕ್ಕೆ ಹೋಗಿ ಕಡ್ಡಿ ಕಸಬರಿಗೆ ಎತ್ತಿದೆ. ಸೋಮಿ ಮತ್ತೆ ಕಲ್ಲಿನ ಸಂದಿಯಲ್ಲಿ. ಪಠ್ಯಪುಸ್ತಕದಲ್ಲಿರುವ ಸಂಖ್ಯೆಗಳಿಗೆ ಮಾತ್ರ ಲೆಕ್ಕ ಬಿಡಿಸಿ, ಸಂಖ್ಯೆ ಬದಲಿಸಿದರೆ ಪೆನ್ನು ಕೆಳಗಿಡುವ ಹುಡುಗರಿದ್ದರಲ್ಲ, ನಾಯಿಯೂ ಹಾಗೆಯೇ. ಒಳಗಿನ ಕಸಬರಿಗೆಯ ಪಾಠ ಹೊರಗಿನ ಕಸಬರಿಗೆಗೆ ತಾನಾಗಿ ಹೋಗುವುದಿಲ್ಲ. ಮತ್ತೆ ಹನ್ನೊಂದು ಹೆಜ್ಜೆಯಿಂದ ಶುರು. ಎರಡನೆಯ ಸಲ ಎರಡೇ ವಾರ ಸಾಕಾಯಿತು.

ಇದರಲ್ಲಿ ನಾನು ಮಾಡಿದ ದೊಡ್ಡ ತಪ್ಪೊಂದಿದೆ, ನೀವು ಮಾಡಬೇಡಿ. ಮೊದಲ ವಾರ ನಾನು ಮಂಡಕ್ಕಿ ಎಸೆದು, ಅದು ತಿನ್ನಲು ಶುರು ಮಾಡಿದ ಮೇಲೆ ಕಸಬರಿಗೆ ಎತ್ತುತ್ತಿದ್ದೆ. ಬಾಯಿ ತುಂಬಿದ್ದರೆ ಹೆದರಿಕೆ ಕಡಿಮೆಯಾದೀತು ಎಂಬ ಲೆಕ್ಕ. ಮೂರು ದಿನಕ್ಕೆ ಏನಾಯಿತು ಗೊತ್ತೇ? ಮಂಡಕ್ಕಿ ಡಬ್ಬಿಯ ಮುಚ್ಚಳದ ಸದ್ದು ಕೇಳಿದರೇ ಸೋಮಿ ಓಡತೊಡಗಿತು. ಮಂಡಕ್ಕಿ ಬಂತೆಂದರೆ ಹಿಂದೆ ಕಸಬರಿಗೆ ಬರುತ್ತದೆ ಎಂದು ಅದು ಕಲಿತಿತ್ತು. ನನ್ನ ಕ್ರಮ ತಪ್ಪಿತ್ತು. ಮೊದಲು ಕಸಬರಿಗೆ ಕಾಣಬೇಕು, ಆ ಮೇಲೆ ಮಂಡಕ್ಕಿ ಬೀಳಬೇಕು. ಕಸಬರಿಗೆ ಮರೆಯಾದರೆ ಮಂಡಕ್ಕಿಯೂ ನಿಲ್ಲಬೇಕು. ಭಯದ ವಸ್ತುವೇ ತಿಂಡಿಯ ಸುದ್ದಿ ತರುವ ಅಂಚೆಯವನಾಗಬೇಕು.

ಈಗ ಕೈಯ ಗುರುತಿನ ಕಥೆ. ಐದನೆಯ ವಾರ ನೆಂಟರು ಬಂದರು. 'ಎಲ್ಲಿ ನಿಮ್ಮ ನಾಯಿ, ತೋರಿಸಿ' ಎಂದರು. ನನಗೂ ಕೊಂಚ ಹೆಮ್ಮೆ. ಸೋಮಿ ಮಂಚದಡಿಯಲ್ಲಿತ್ತು. ಕೊರಳ ಬೆಲ್ಟಿಗೆ ಕೈ ಹಾಕಿ ಎಳೆದೆ. ಅದಕ್ಕೆ ಮುಂಚೆ ಅದು ಹೇಳಬೇಕಾದದ್ದನ್ನೆಲ್ಲ ಹೇಳಿತ್ತು. ಮುಖ ಆಚೆ ತಿರುಗಿಸಿತು, ನಿದ್ದೆಯಿಲ್ಲದೆ ಆಕಳಿಸಿತು, ಮೂಗಿನ ತುದಿ ನೆಕ್ಕಿಕೊಂಡಿತು, ಮೈ ಬಿಗಿ ಹಿಡಿದು ಅಲುಗದೆ ನಿಂತಿತು, ಗುರುಗುಟ್ಟಿತು. ನಾನು "ಏಯ್, ಸುಮ್ಮನಿರು" ಎಂದೆ. ಕಚ್ಚಿತು. ಗುರುಗುಟ್ಟುವ ನಾಯಿಯನ್ನು ಗದರಿಸಿ ಬಾಯಿ ಮುಚ್ಚಿಸುವವರಿದ್ದಾರೆ. ಗುರುಗುಟ್ಟುವುದು ಬಸ್ಸಿನ ಹಾರ್ನ್. ಹಾರ್ನ್ ಕಿತ್ತುಹಾಕಿದರೆ ಬಸ್ಸು ನಿಲ್ಲುವುದಿಲ್ಲ, ಸದ್ದಿಲ್ಲದೆ ಬರುತ್ತದೆ.

ಕಚ್ಚಿದ ಕೂಡಲೇ ನಮ್ಮ ನೆಂಟರು ಅರಿಶಿನದ ಡಬ್ಬಿ ತಂದರು. ಅರಿಶಿನ, ಸುಣ್ಣ, ಖಾರದಪುಡಿ, ಕಾಫಿಪುಡಿ ಯಾವುದೂ ಬೇಡ. ನಲ್ಲಿಯ ಹರಿಯುವ ನೀರಿನಡಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು 15. ಅಂದಾಜಿನ ಹದಿನೈದು ನಿಮಿಷ ಮೂರು ನಿಮಿಷವಾಗಿರುತ್ತದೆ. ಆಮೇಲೆ ನೇರ ಆಸ್ಪತ್ರೆಗೆ. ಸೋಮಿಗೆ ಲಸಿಕೆ ಆಗಿತ್ತು, ಆದರೂ ನಾನು ಹೋದೆ. ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ ಎಂದು ಚರ್ಮದೊಳಗೆ ಚುಚ್ಚುಮದ್ದು ಹಾಕಿದರು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಇದರಲ್ಲಿ ಧೈರ್ಯ ತೋರಿಸುವುದು ಬೇಡ. ನಾಯಿಗೂ ವರ್ಷವರ್ಷ ಲಸಿಕೆ ತಪ್ಪಿಸಬೇಡಿ.

ಕಚ್ಚಿದ ಸುದ್ದಿ ಕೇಳಿ ಪರಿಚಯದವರೊಬ್ಬರು ತರಬೇತಿ ಕೊಡುವವನೊಬ್ಬನನ್ನು ಕರೆತಂದರು. ಹೆಸರು ಬೇಡ. ಮುಳ್ಳಿನ ಚೈನು ತಂದಿದ್ದ. "ನಾಯಿ ತೋಳದ ಜಾತಿ ಮೇಡಂ, ನೀವೇ ಯಜಮಾನರೆಂದು ಅದಕ್ಕೆ ತೋರಿಸಬೇಕು" ಎಂದು ಅದನ್ನು ನೆಲಕ್ಕೆ ಒತ್ತಿ ಹಿಡಿದ. ಹೆದರುವವರ ಮೇಲೆ ಹಾವು ಎಸೆದಂತೆ. ಸೋಮಿ ಅಲುಗಲಿಲ್ಲ. "ನೋಡಿ, ಒಪ್ಪಿಕೊಂಡಿತು" ಎಂದ. ಹತ್ತು ಹೆಜ್ಜೆಯ ಕಸಬರಿಗೆಯ ಮುಂದೆ ಅದು ಕಲ್ಲಾದದ್ದನ್ನು ನಾನು ನೋಡಿದ್ದೆ. ಇದು ಒಪ್ಪಿಗೆಯಲ್ಲ ಎಂದು ನನಗೆ ಗೊತ್ತಿತ್ತು. ದುಡ್ಡು ಕೊಟ್ಟು ಕಳಿಸಿದೆ. ಆಮೇಲೆ ಓದಿ ತಿಳಿದದ್ದು: ಈ 'ಯಜಮಾನ ತೋಳ'ದ ಮಾತು ಹುಟ್ಟಿದ್ದು ಬೇಲಿಯೊಳಗೆ ಕೂಡಿಹಾಕಿದ ಅಪರಿಚಿತ ತೋಳಗಳನ್ನು ನೋಡಿ. ಅದನ್ನು 1970ರ ತಮ್ಮ ಪುಸ್ತಕದಲ್ಲಿ ಹರಡಿದ ಡೇವಿಡ್ ಮೆಕ್ ಎಂಬ ವಿಜ್ಞಾನಿಯೇ 1999ರಲ್ಲಿ, ಕಾಡಿನ ತೋಳದ ಹಿಂಡೆಂದರೆ ತಂದೆ ತಾಯಿ ಮತ್ತು ಮಕ್ಕಳ ಸಂಸಾರ, ಅಲ್ಲಿ ಯಜಮಾನಿಕೆಗೆ ಹೊಡೆದಾಟವಿಲ್ಲ ಎಂದು ಬರೆದರು. ತಪ್ಪನ್ನು ತಾವೇ ತಿದ್ದಿಕೊಂಡವರು ದೊಡ್ಡವರು. ಚೈನು ಮಾರುವವರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಇದೇ ಸಾಲಿನದು ಇನ್ನೊಂದು. ಪಡಸಾಲೆಯಲ್ಲಿ ಉಚ್ಚೆ ಮಾಡಿದ ನಾಯಿಯ ಮೂಗನ್ನು ಅದಕ್ಕೆ ಉಜ್ಜುವುದು. 'ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿ' ಎನ್ನುತ್ತಾರೆ. ನ್ಯೂಯಾರ್ಕಿನ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. 'ತಿನ್ನಬೇಡ' ಎಂದು ಹೇಳಿ ಯಜಮಾನರು ಹೊರಗೆ ಹೋಗುವುದು. ನಾಯಿ ತಿಂದಿತೋ ಇಲ್ಲವೋ ಎಂಬುದರ ಬಗ್ಗೆ ಕೆಲವೊಮ್ಮೆ ಅವರಿಗೆ ಸುಳ್ಳು ಹೇಳುವುದು. ಆ ತಪ್ಪಿತಸ್ಥ ಮುಖಕ್ಕೂ ತಪ್ಪಿಗೂ ಸಂಬಂಧವೇ ಇರಲಿಲ್ಲ. ಬೈಗುಳ ಬಿದ್ದಾಗ ಆ ಮುಖ ಬರುತ್ತಿತ್ತು, ತಿನ್ನದ ನಾಯಿಗೂ. ನನ್ನ ಮೂವತ್ತೊಂದು ವರ್ಷಗಳ ತರಗತಿಯಲ್ಲಿ ಎಷ್ಟು ಮುಖಗಳನ್ನು ಹೀಗೆ ತಪ್ಪಾಗಿ ಓದಿದ್ದೇನೋ, ಬಿಡಿ.

ನಮ್ಮ ಅತ್ತೆಯವರ ವಿಷಯ ಹೇಳದಿದ್ದರೆ ಮನೆಗೆ ಹೋದ ಮೇಲೆ ನನಗೆ ಕಷ್ಟ. ಎಂಬತ್ತಮೂರು ವರ್ಷ. ನಾಯಿ ಪಡಸಾಲೆಗೆ ಬಂದರೆ ತಾವು ಮಗಳ ಮನೆಗೆ ಹೋಗುವುದಾಗಿ ಹೇಳಿದ್ದರು. ಸೋಮಿ ಮೊದಲು ಹತ್ತಿರ ಹೋದದ್ದು ಅವರ ಬಳಿಗೆ. ನನ್ನ ಬಳಿಗಲ್ಲ, ಮಂಡಕ್ಕಿ ಹಿಡಿದು ಕಾಯುತ್ತಿದ್ದ ನನ್ನ ಬಳಿಗಲ್ಲ! ಆಮೇಲೆ ಯೋಚಿಸಿದರೆ ಆಶ್ಚರ್ಯವೇನಿಲ್ಲ. ಅವರು ದಿನವೂ ಅದೇ ಚಾಪೆಯ ಮೇಲೆ, ಅದೇ ಕಂಬಕ್ಕೆ ಒರಗಿ, ಮೊರ ಹಿಡಿದು ಅಕ್ಕಿ ಆರಿಸುತ್ತಾ ಕೂರುತ್ತಾರೆ. ಏಳುವುದು ನಿಧಾನ, ನಡೆಯುವುದು ನಿಧಾನ. ನಾಯಿಯ ಕಡೆ ನೋಡುವುದಿಲ್ಲ, ಕರೆಯುವುದಿಲ್ಲ, ಕೈ ಚಾಚುವುದಿಲ್ಲ. ಹೆದರಿದ ನಾಯಿಗೆ ಬೇಕಾದದ್ದೆಲ್ಲ ಅವರ ತಾತ್ಸಾರದಲ್ಲಿತ್ತು. ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಸೋಮಿ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ತೆವಳಿ ಬಂದು ಚಾಪೆಯ ಅಂಚಿನ ಮೇಲೆ ಗದ್ದ ಇಟ್ಟಿತು. ಅತ್ತೆ ಮೊರದಿಂದ ಕಣ್ಣೆತ್ತದೆ, "ಇದಕ್ಕೆ ಏನು ಬೇಕಂತೆ?" ಎಂದರು. ಈಗಲೂ ಅವರು ಹೆಸರು ಹಿಡಿದು ಕರೆಯುವುದಿಲ್ಲ, 'ಆ ಪ್ರಾಣಿ' ಎನ್ನುತ್ತಾರೆ. ಮಗಳ ಮನೆಗೆ ಹೋದವರು ಎರಡು ದಿನಕ್ಕೆ ವಾಪಸ್ ಬಂದದ್ದು ಬೇರೆ ಕಾರಣಕ್ಕೆ ಎಂದು ಅವರ ಅಂಬೋಣ.

ಊಟದ ಮಾತು ಚಿಕ್ಕದಾಗಿ ಹೇಳುತ್ತೇನೆ. ನಮ್ಮದು ಮೊಟ್ಟೆ ಒಳಗೆ ಬರದ ಮನೆ. ಹಿತ್ತಲಿನಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಅಲ್ಲಿ ಮೊಟ್ಟೆ ಬೇಯುತ್ತದೆ, ಕಷ್ಟದ ಪಾಠಕ್ಕೆ ಅದರ ಚೂರು ಸಂಬಳ. ಮಂಡಕ್ಕಿ ಸುಲಭದ ಪಾಠಕ್ಕೆ, ಅದೂ ಎಣಿಸಿ, ಹೊಟ್ಟೆ ತುಂಬಿಸುವುದಕ್ಕಲ್ಲ. ಜೋಳದ ರೊಟ್ಟಿಯನ್ನು ನಮಗಿಂತ ಇಷ್ಟಪಟ್ಟು ತಿನ್ನುತ್ತದೆ. ಆದರೆ ಉಳಿದ ನರ್ಗಿಸ್ ಮಂಡಕ್ಕಿಯನ್ನೋ ಖಾರ ಮಂಡಕ್ಕಿಯನ್ನೋ ಸುರಿಯಬೇಡಿ. ಈರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಹುದು. ಚಾಕೊಲೇಟೂ ವಿಷ.

ದೀಪಾವಳಿ ಬಂದರೆ ಒಳಕೋಣೆ, ಮುಚ್ಚಿದ ಕಿಟಕಿ, ಜೋರಾದ ಫ್ಯಾನು. ಹೊರಗೆ ಕಟ್ಟಿಹಾಕಲೇಬೇಡಿ, ಹಗ್ಗ ಹರಿದುಕೊಂಡು ಓಡಿದ ನಾಯಿ ಊರಾಚೆ ಸಿಗುತ್ತದೆ, ಅಥವಾ ಸಿಗುವುದಿಲ್ಲ. ತೀರಾ ನಡುಗುವ ನಾಯಿಗೆ ಪಶುವೈದ್ಯರು ಮದ್ದು ಕೊಡುತ್ತಾರೆ, ಆದರೆ ಹಬ್ಬಕ್ಕೆ ಹದಿನೈದು ದಿನ ಮುಂಚೆ ಕೇಳಿ. ಅಮಾವಾಸ್ಯೆಯ ರಾತ್ರಿ ಫೋನ್ ಮಾಡಬೇಡಿ. ನಡುಗುವ ನಾಯಿಯನ್ನು ಮುದ್ದು ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಎನ್ನುವವರಿದ್ದಾರೆ. ತಾನಾಗಿ ಬಂದು ಒರಗಿದರೆ ತಬ್ಬಿಕೊಂಡು ಕೂರಿ. ಭಯ ಒಂದು ಚಾಳಿಯಲ್ಲ, ನೀವು ಕೊಬ್ಬಿಸುವುದಕ್ಕೆ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: "ನಾಯಿಯನ್ನು ಮನೆಯೊಳಗೆ ಸೇರಿಸುವುದು ನಮ್ಮ ಪದ್ಧತಿಯೇ?" ಅದಕ್ಕೆ ನಾನು ಮೈಲಾರದ ಜಾತ್ರೆಗೆ ಹೋಗಿ ಬನ್ನಿ ಎಂದೆ. ಅಲ್ಲಿ ಗೊರವಯ್ಯನವರು ತಾವೇ ಮೈಲಾರಲಿಂಗನ ನಾಯಿಗಳೆಂದು ಬೊಗಳಿ, ದೋಣಿ ಎಂಬ ಪಾತ್ರೆಗೆ ಬಾಯಿ ಹಚ್ಚಿ ಉಣ್ಣುತ್ತಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನೋಡಿ, 949–50ರ ಸುಮಾರಿನದು. ಮಣಲೇರನೆಂಬ ವೀರನಿಗೆ ಮೆಚ್ಚಿದ ದೊರೆ 'ಬೇಡಿಕೋ' ಎಂದ. ಊರು ಬೇಡಬಹುದಿತ್ತು, ಹೊನ್ನು ಬೇಡಬಹುದಿತ್ತು. ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದೆಂದು ಕಟ್ಟಳೆ ಬರೆಸಿದರು. ಒಳಗೆ ಸೇರಿಸುವುದು ಬಿಡುವುದು ಅವರವರ ಮನೆಯ ವಿಚಾರ. ನಮ್ಮ ಪೂಜಾಕೋಣೆಗೆ ಸೋಮಿಗೂ ಪ್ರವೇಶವಿಲ್ಲ, ಕಾಲು ತೊಳೆಯದ ನನಗೂ ಇಲ್ಲ.

ಇನ್ನೊಬ್ಬರು, ಕಾಳಜಿಯಿಂದಲೇ: "ಕುಂಟು ನಾಯಿ, ಕಾವಲಿಗೂ ಬರುವುದಿಲ್ಲ. ಉಪಯೋಗವೇನು ಮೇಡಂ?" ಜರ್ಮನಿಯ ಬಾನ್ ನಗರದ ಬಳಿ 1914ರಲ್ಲಿ ಕಲ್ಲುಗಣಿ ಕೆಲಸದವರಿಗೆ ಸುಮಾರು 14,000 ವರ್ಷ ಹಳೆಯ ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೊಂದು ನಾಯಿಮರಿ. ಬಹಳ ವರ್ಷಗಳ ಮೇಲೆ ಮರಿಯ ಹಲ್ಲುಗಳನ್ನು ಪರೀಕ್ಷಿಸಿದವರಿಗೆ ಅದರ ಎನಾಮೆಲ್ ಮೇಲೆ ಕಾಯಿಲೆಯ ಗೆರೆಗಳು ಕಂಡವು. ಬಹುಶಃ ನಾಯಿಗಳಿಗೆ ತಗಲುವ ಡಿಸ್ಟೆಂಪರ್ ಎಂಬ ಸೋಂಕು ಎಂದರು. ಆ ಕಾಯಿಲೆ ಬಿದ್ದ ಮರಿ ಯಾರೂ ನೀರು ಕುಡಿಸದೆ, ಬೆಚ್ಚಗಿಡದೆ ವಾರಗಟ್ಟಲೆ ಬದುಕುವುದು ಸಾಧ್ಯವಿರಲಿಲ್ಲ. ಅದು ಬೇಟೆಗೆ ಬರುವಷ್ಟು ದೊಡ್ಡದಾಗಿರಲಿಲ್ಲ, ಸುಮಾರು ಏಳು ತಿಂಗಳಿಗೆ ಸತ್ತಿತು. ಅದರಿಂದ ಉಪಯೋಗವೇನಿತ್ತೆಂದು ಆ ಇಬ್ಬರನ್ನು ಕೇಳಬೇಕು.

ಮೂರನೆಯ ಪ್ರಶ್ನೆ ಅಪ್ಪನ ಜೊತೆ ಬಂದ ಹುಡುಗಿಯದು. ಐದನೆಯ ತರಗತಿಯಿರಬಹುದು. "ಈಗ ಅದು ಯಾವುದಕ್ಕೂ ಹೆದರುವುದಿಲ್ಲವಾ?"

ಹೆದರುತ್ತದೆ. ಆಟೋಗೆ. ಕಸಬರಿಗೆ ಮುಗಿಯಿತು, ಕೊಡೆ ಮುಗಿಯಿತು, ಹೆಲ್ಮೆಟ್ ಮುಕ್ಕಾಲು ಮುಗಿಯಿತು. ಆಟೋ ನಡೆಯುತ್ತಿದೆ. ನಮ್ಮ ಬೀದಿಯಲ್ಲಿ ಆಟೋ ಓಡಿಸುವ ಒಬ್ಬರಿದ್ದಾರೆ. ಬೆಳಗ್ಗೆ ಆರೂವರೆಗೆ, ಬಾಡಿಗೆಗೆ ಹೋಗುವ ಮುಂಚೆ, ನಮ್ಮ ಗೇಟಿನ ಮುಂದಿನ ಬೇವಿನ ಮರದಡಿ ಐದು ನಿಮಿಷ ಗಾಡಿ ನಿಲ್ಲಿಸಿ ಕೊಡುತ್ತಾರೆ. "ಮೀಟರ್ ಹಾಕಲೇ ಮಿಸ್?" ಎಂದು ದಿನವೂ ಕೇಳುತ್ತಾರೆ. ಶುರುವಿನಲ್ಲಿ 46 ಹೆಜ್ಜೆ ಇತ್ತು. ಅಂದರೆ ಹಿತ್ತಲ ಗೋಡೆಯವರೆಗೆ, ಅದಕ್ಕಿಂತ ಹಿಂದೆ ಹೋಗಲು ಜಾಗವೇ ಇರಲಿಲ್ಲ. ನಿನ್ನೆ ಎಂಜಿನ್ ನಿಲ್ಲಿಸಿದ ಆಟೋ, 9 ಹೆಜ್ಜೆ. ಆರು ಕಾಳಿನಲ್ಲಿ ಆರೂ ತಿಂದಿತು, ಬಾಲ ಅರ್ಧ ಡೊಂಕಾಗಿತ್ತು. ಎಂಜಿನ್ ಶುರುವಿದ್ದರೆ 22. ಡ್ರೈವರ್ ಕೆಳಗಿಳಿದರೆ ಎಷ್ಟು ಎಂದು ಹುಡುಗಿ ಕೇಳಿದಳು.

ಅದನ್ನು ಇನ್ನೂ ಅಳೆದಿಲ್ಲ ಎಂದೆ. ಅವರು ನಾಳೆ ರಜೆ, ಮಂಗಳವಾರ ನೋಡಬೇಕು.